ಕಾರು ಕೇಳಿದ ಊರಿಗೆ ಬಂದ ಬಾಂಬರ್‌ಗಳು

ನಾನು ದಿನಾ ಆಫೀಸಿಗೆ ಹೋಗೋದು ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ. ಎಚ್‌ಎಎಲ್ ಕಾಂಪೌಂಡ್ ಪಕ್ಕ ಟ್ರಾಫಿಕ್ಕಿನಲ್ಲಿ ನಿಂತಾಗೆಲ್ಲ ಒಂದು ವಿಷಯ ನೆನಪಾಗಿ ನಗು ಬರುತ್ತೆ. ಹಿಂದೆ ಮುಂದೆ ಬರೀ ಕಾರು. ಆದರೆ ಒಂದು ಕಾಲಕ್ಕೆ ಈ ಊರು ಕೇಳಿದ್ದು ಕಾರಿನ ಕಾರ್ಖಾನೆ, ಸಿಕ್ಕಿದ್ದು ವಿಮಾನದ ಕಾರ್ಖಾನೆ!

1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೇ ಕಾರು ತಯಾರಿಸಬೇಕು ಅಂತ ಯೋಜನೆ ಹಾಕಿ ಓಡಾಡಿದರು. ಜೊತೆಗಿದ್ದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಮೈಸೂರು ಸಂಸ್ಥಾನಕ್ಕೂ ಮನಸ್ಸಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಅಷ್ಟರಲ್ಲಿ ಯುದ್ಧ ಶುರುವಾಯ್ತು. ಅದೇ ವಾಲ್‌ಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಕಾರಿನ ಆಸೆಯನ್ನು ಅವರು ಆಮೇಲೆ, 1944ರಲ್ಲಿ, ಬಾಂಬೆಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿ ತೀರಿಸಿಕೊಂಡರು ಅನ್ನಿ.

ಅದೇ ಹೊತ್ತಿಗೆ ಅಮೆರಿಕದಲ್ಲಿ ನಡೆದಿದ್ದು ಇದರ ಉಲ್ಟಾ. ಅಲ್ಲಿ ಕಾರು ಮಾಡುವವರನ್ನು ಕರೆದು ಬಾಂಬರ್ ಮಾಡಿ ಅಂದರು. 1941ರ ಜನವರಿಯಲ್ಲಿ ಫೋರ್ಡ್ ಕಂಪನಿಯ ಚಾರ್ಲ್ಸ್ ಸೊರೆನ್ಸೆನ್ ಸ್ಯಾನ್ ಡಿಯಾಗೊಗೆ ಹೋಗಿ, ಬಿ-24 ಲಿಬರೇಟರ್ ಬಾಂಬರ್ ಹೇಗೆ ತಯಾರಾಗುತ್ತೆ ಅಂತ ನೋಡಿದ. ಒಂದೊಂದು ವಿಮಾನವನ್ನೂ ದರ್ಜಿ ಅಳತೆ ತಗೊಂಡು ಹೊಲಿದ ಹಾಗೆ ಜೋಡಿಸುತ್ತಿದ್ದರು. ಅವತ್ತು ರಾತ್ರಿ ಹೋಟೆಲ್ ರೂಮಿನಲ್ಲೇ ಕೂತು ಅವನೊಂದು ಕಾರ್ಖಾನೆಯ ನಕ್ಷೆ ಗೀಚಿದ. ಗುರಿ: ಗಂಟೆಗೊಂದು ಬಾಂಬರ್.

ಡೆಟ್ರಾಯಿಟ್ ಹತ್ತಿರದ ವಿಲ್ಲೋ ರನ್‌ನಲ್ಲಿ ಆ ಕಾರ್ಖಾನೆ ಎದ್ದಿತು. ಮೊದಲು ಎಡವಟ್ಟೋ ಎಡವಟ್ಟು. ಫೋರ್ಡ್‌ನವರು ಕಾರಿಗೆ ಮಾಡಿದ ಹಾಗೆ ಗಟ್ಟಿ ಉಕ್ಕಿನ ಅಚ್ಚು ಮಾಡಿಟ್ಟುಕೊಂಡರು. ವಾಯುಪಡೆಯವರೋ, ಇದು ಬದಲಾಯಿಸಿ, ಅದು ಬದಲಾಯಿಸಿ ಅಂತ ಹೇಳುತ್ತಲೇ ಇದ್ದರು. ಪ್ರತಿಸಲ ಅಚ್ಚು ತಿದ್ದಬೇಕು. ಸಾಫ್ಟ್‌ವೇರ್‌ನಲ್ಲಿ ಇರುವವರಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ! ಜನ ಆ ಕಾರ್ಖಾನೆಯ ಹೆಸರನ್ನೇ ತಿರುಚಿ 'ವಿಲ್ ಇಟ್ ರನ್?' ಅಂತ ಆಡಿಕೊಂಡರು. ಆದರೆ 1944ರಲ್ಲಿ ನಿಜವಾಗಿಯೂ ಗಂಟೆಗೊಂದರಂತೆ ವಿಮಾನ ಹೊರಬಿತ್ತು. ಯುದ್ಧ ಮುಗಿಯುವಷ್ಟರಲ್ಲಿ ಫೋರ್ಡ್ ಲೆಕ್ಕ 8,685. ಒಟ್ಟು ಸುಮಾರು 18,500 ಲಿಬರೇಟರ್‌ಗಳಲ್ಲಿ ಅರ್ಧದ ಹತ್ತಿರ. ಇನ್ನು ಲಿಬರೇಟರ್‌ನ ಎಂಜಿನ್‌ಗಳನ್ನು ಬ್ಯುಯಿಕ್ ಕಾರಿನವರೂ ತಯಾರಿಸಿದರು.

ಅವುಗಳಲ್ಲಿ ಎಷ್ಟೋ ವಿಮಾನಗಳು ಭಾರತಕ್ಕೆ ಬಂದು, ಇಲ್ಲಿಂದ ಜಪಾನಿಯರ ವಿರುದ್ಧ ಹಾರಿದವು. ಯುದ್ಧ ಮುಗಿದಾಗ ಬ್ರಿಟಿಷರಿಗೆ ಪೀಕಲಾಟ. ಅಮೆರಿಕದಿಂದ ಕಡವಾಗಿ ತಂದ ಮಾಲು, ವಾಪಸ್ ಕೊಡಬೇಕು ಇಲ್ಲಾ ಹಾಳು ಮಾಡಬೇಕು. ಅವರು ಎರಡನೆಯದನ್ನೇ ಮಾಡಿದರು. ಕಾನ್ಪುರದಲ್ಲಿ ಸಾಲಾಗಿ ನಿಲ್ಲಿಸಿ, ಒಳಗಿನ ಉಪಕರಣ ಒಡೆದು, ಮತ್ತೆ ಹಾರದ ಹಾಗೆ ಕೆಡಿಸಿ ಬಿಟ್ಟುಹೋದರು.

1948ರಲ್ಲಿ ಹೊಸ ದೇಶಕ್ಕೆ ದೊಡ್ಡ ಬಾಂಬರ್ ಬೇಕಾಯ್ತು. ಕೊಳ್ಳಲು ದುಡ್ಡಿಲ್ಲ. ಆಗ ಬೆಂಗಳೂರಿನ ಎಚ್‌ಎಎಲ್‌ನವರು ಕಾನ್ಪುರಕ್ಕೆ ಹೋಗಿ ಆ ಗುಜರಿಯಲ್ಲಿ ಕೈಹಾಕಿದರು. ಯುದ್ಧದ ದಿನಗಳಲ್ಲಿ ಅಮೆರಿಕದ ವಿಮಾನಗಳನ್ನು ಇಲ್ಲೇ ರಿಪೇರಿ ಮಾಡಿದ್ದರಿಂದ ಅವರಿಗೆ ಕೈ ಪಳಗಿತ್ತು. ಒಂದರಿಂದ ರೆಕ್ಕೆಯ ತುಂಡು, ಇನ್ನೊಂದರಿಂದ ಚಕ್ರ, ಮತ್ತೊಂದರಿಂದ ಮೀಟರ್ ಬಿಚ್ಚಿ, ಹೇಗೋ ಹಾರುವಷ್ಟು ಸರಿಮಾಡಿದರು. ಎಚ್‌ಎಎಲ್‌ನ ಟೆಸ್ಟ್ ಪೈಲಟ್ ಜಮ್ಷೆಡ್ ಮುನ್ಷಿ ಅವನ್ನು ಹಾರಿಸಿಕೊಂಡು ಬೆಂಗಳೂರಿಗೆ ತಂದರು. ಸ್ವಲ್ಪ ಯೋಚಿಸಿ, ಬೇಕಂತಲೇ ಕೆಡಿಸಿಟ್ಟ ನಾಲ್ಕು ಎಂಜಿನ್ನಿನ ವಿಮಾನದಲ್ಲಿ ಅಷ್ಟು ದೂರ! ಪೂರ್ತಿ ರಿಪೇರಿ ಆದದ್ದು ಇಲ್ಲಿ. ಹೀಗೆ ಸುಮಾರು 40 ವಿಮಾನಗಳಿಗೆ ಮರುಜೀವ ಬಂತು. 1948ರ ನವೆಂಬರ್‌ನಲ್ಲಿ ಅವುಗಳಿಂದಲೇ ವಾಯುಪಡೆಯ 5ನೇ ಸ್ಕ್ವಾಡ್ರನ್ ಶುರುವಾಯ್ತು. ಕೊನೆಯ ಲಿಬರೇಟರ್ ನಿವೃತ್ತಿಯಾದದ್ದು 1968ರಲ್ಲಿ. ಭಾರತದಲ್ಲಿ ಉಳಿದಿದ್ದಕ್ಕೇ ಅವುಗಳಲ್ಲಿ ಕೆಲವು ಇವತ್ತು ಬ್ರಿಟನ್, ಅಮೆರಿಕದ ಮ್ಯೂಸಿಯಂಗಳಲ್ಲಿವೆ. ಕೆಡಿಸಿ ಹೋದವರೇ ಮತ್ತೆ ಕೇಳಿ ತಗೊಂಡು ಹೋದರು!

ವಿಲ್ಲೋ ರನ್ ಬಗ್ಗೆ ಪುಸ್ತಕಗಳಿವೆ, ಸಿನಿಮಾ ರೀಲುಗಳಿವೆ. ಕಾನ್ಪುರದಲ್ಲಿ ಬಿಸಿಲಲ್ಲಿ ಸ್ಪ್ಯಾನರ್ ಹಿಡಿದಿದ್ದ ಫಿಟ್ಟರ್‌ಗಳ ಹೆಸರು ಎಷ್ಟು ಜನಕ್ಕೆ ಗೊತ್ತು? ನಮ್ಮೂರಲ್ಲಿ ಪಂಪ್‌ಸೆಟ್ ಕೆಟ್ಟರೆ ಒಬ್ಬರು ಅಣ್ಣ ಬರುತ್ತಿದ್ದರು. ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಮಾಡಿ, ಒಣಗುತ್ತಿದ್ದ ಬೆಳೆ ಉಳಿಸುತ್ತಿದ್ದರು. ಅವರನ್ನು ಯಾರೂ ಎಂಜಿನಿಯರ್ ಅನ್ನಲಿಲ್ಲ. ಬಿಇ ಮಾಡಿದ ನನ್ನನ್ನು ಅನ್ನುತ್ತಾರೆ. ನಾನು ಮಾಡೋದಾದರೂ ಏನು? ಐದು ವರ್ಷದಿಂದ ಬೇರೆ ಯಾರೋ ಬರೆದು ಬಿಟ್ಟುಹೋದ ಹಳೇ ಕೋಡ್ ರಿಪೇರಿ. ಹೊಸ ಪ್ರಾಜೆಕ್ಟಿನವರಿಗೆ ಪ್ರಮೋಶನ್ ಬಂದಾಗ ಹೊಟ್ಟೆ ಉರಿದದ್ದೂ ಸುಳ್ಳಲ್ಲ.

ಈಗ ಎಚ್‌ಎಎಲ್ ಗೇಟ್ ದಾಟುವಾಗ ಆ ಫಿಟ್ಟರ್‌ಗಳನ್ನು ಒಮ್ಮೆ ನೆನೆಸಿಕೊಳ್ತೀನಿ. ಗಂಟೆಗೊಂದು ಹೊಸದು ಮಾಡೋದು ದೊಡ್ಡ ವಿದ್ಯೆಯೇ, ಇಲ್ಲ ಅನ್ನಲ್ಲ. ಮುರಿದದ್ದನ್ನು ಹಾರಿಸೋದೂ ಅಷ್ಟೇ ದೊಡ್ಡದು. ಇಷ್ಟು ಅಂದುಕೊಳ್ಳುವಷ್ಟರಲ್ಲಿ ಸಿಗ್ನಲ್ ಹಸಿರಾಗಿ, ಹಿಂದಿನವನು ಹಾರ್ನ್ ಹೊಡೀತಾನೆ.