ಉಜ್ಜಿದ ಗಾಜಿನ ನೆನಪು

1992ರ ಮೇ ತಿಂಗಳು. ದೇವದುರ್ಗದಿಂದ ರಾಯಚೂರಿಗೆ ಬರುವ ಬಸ್ಸಿನಲ್ಲಿ ನನ್ನ ಕ್ಯಾಲ್ಕುಲೇಟರನ್ನು ಡ್ರೈವರನ ಪಕ್ಕದ ಬಾನೆಟ್ಟಿನ ಮೇಲಿಟ್ಟು ಮರೆತಿದ್ದೆ. ಕೆಳಗೆ ಎಂಜಿನ್ನಿನ ಕಾವು, ಮೇಲೆ ಬಿಸಿಲು. ಇಳಿಯುವಾಗ ನೋಡಿದರೆ ಅಂಕಿಗಳೇ ಇಲ್ಲ, ಗಾಜೆಲ್ಲ ಕಪ್ಪು. ಜೊತೆಗಿದ್ದ ತಮ್ಮನ ಮಗ ದಾರಿಯಲ್ಲಿ ಅದನ್ನು ಮುಟ್ಟಿದ್ದ. ನಾಲ್ಕು ಜನರೆದುರಿಗೇ ಅವನನ್ನು ಬೈದೆ.

ರಾಯಚೂರಿನಲ್ಲಿ ಗಡಿಯಾರ ರಿಪೇರಿ ಮಾಡುವವರೊಬ್ಬರು ಅದನ್ನು ನೀರಿನ ಹರವಿಯ ಪಕ್ಕ ನೆರಳಿಗಿಟ್ಟು, "ಏನೂ ಆಗಿಲ್ರಿ ಸರ, ಬಿಸಿಲ ಬಡದದ, ತಡೀರಿ" ಎಂದರು. ಸ್ವಲ್ಪ ಹೊತ್ತಿಗೆ ಅಂಕಿಗಳು ಮರಳಿದವು. ಹುಡುಗ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಕಳೆದುಹೋದ ಅಂಕಿಗಳು ಮರಳಿ ಬಂದದ್ದು ಹೇಗೆ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಅದರ ಕಥೆ ಹಳೆಯದು. 1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ರೈನಿಟ್ಜರ್, ಎರಡು ಸಲ ಕರಗುವ ವಸ್ತುವೊಂದನ್ನು ಕಂಡ: 145.5 ಡಿಗ್ರಿಗೆ ಮಬ್ಬು ದ್ರವ, 178.5ಕ್ಕೆ ತಿಳಿ ದ್ರವ. ಆ ಮಬ್ಬು ಸ್ಥಿತಿಯೇ ದ್ರವ ಸ್ಫಟಿಕ. ನೀರಿನಂತೆ ಹರಿಯುತ್ತದೆ, ಆದರೂ ಅದರ ಕಡ್ಡಿಯಂಥ ಅಣುಗಳು ಒಂದೇ ದಿಕ್ಕಿಗೆ ಮಲಗಿರುತ್ತವೆ.

ಯಾವ ದಿಕ್ಕಿಗೆ ಎಂದು ಹೇಳುವುದು ಗಾಜು. ಗಾಜಿಗೆ ಪಾಲಿಇಮೈಡ್ ಎಂಬ ತೆಳು ಪೊರೆ ಬಳಿದು, ಬೇಯಿಸಿ, ಮಖಮಲ್ಲಿನಂಥ ಬಟ್ಟೆಯಿಂದ ಒಂದೇ ಕಡೆಗೆ ಉಜ್ಜುತ್ತಾರೆ. ಅಣುಗಳು ಉಜ್ಜಿದ ದಿಕ್ಕನ್ನೇ ಹಿಡಿಯುತ್ತವೆ. ಎರಡು ಗಾಜುಗಳ ದಿಕ್ಕು ಒಂದಕ್ಕೊಂದು ಅಡ್ಡವಾಗಿದ್ದರೆ ನಡುವಿನ ಅಣುಗಳ ಸಾಲು ತಿರುಚಿಕೊಂಡು, ತನ್ನೊಡನೆ ಬೆಳಕನ್ನೂ ತಿರುಗಿಸುತ್ತದೆ. ಕಾವು ಮಿತಿ ಮೀರಿದರೆ ಸಾಲು ಕದಡಿ, ಬೆಳಕು ಹೊರಗಿನ ಧ್ರುವಕ ಹಾಳೆಯಲ್ಲಿ ತಡೆದು ಗಾಜು ಕಪ್ಪಾಗುತ್ತದೆ. ತಣಿದರೆ ಪೊರೆ ಮತ್ತೆ ದಾರಿ ತೋರಿಸುತ್ತದೆ. ನೆನಪು ದ್ರವದಲ್ಲಿಲ್ಲ, ಉಜ್ಜಿದ ಮೈಯಲ್ಲಿದೆ.

1973ರಲ್ಲಿ ಇಂಗ್ಲೆಂಡಿನ ಹಲ್‌ನಲ್ಲಿ ಜಾರ್ಜ್ ಗ್ರೇ ರೂಪಿಸಿದ ಹೆಸರಾಂತ ವಸ್ತುವೊಂದು ಸುಮಾರು 24ರಿಂದ 35 ಡಿಗ್ರಿಯವರೆಗಷ್ಟೇ ದ್ರವ ಸ್ಫಟಿಕ. ನಲವತ್ತು ದಾಟುವ ನಮ್ಮ ಬೇಸಗೆಯಲ್ಲಿ ಅದು ನೆರಳಲ್ಲೂ ಬರಿಯ ದ್ರವ. ಅದಕ್ಕೇ ಹಲವನ್ನು ಬೆರೆಸಿ ಮಿತಿಯನ್ನು ಅರವತ್ತರ ಸಮೀಪಕ್ಕೆ ಏರಿಸಿದರು. ಆದರೂ ಬಾನೆಟ್ಟಿನ ಮುಂದೆ ಅದೂ ಸೋತಿತು.

ಈ ವಿದ್ಯೆ ನಮ್ಮ ನಾಡಿಗೆ ದೂರದ್ದಲ್ಲ. ಎಸ್. ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಬಂದು ಇದರ ಅಧ್ಯಯನಕ್ಕೆ ತೊಡಗಿದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಸೇರಿದರು. 1977ರಲ್ಲಿ ಸದಾಶಿವ, ಸುರೇಶ್ ಅವರೊಡನೆ, ಕಡ್ಡಿಯಂತಲ್ಲದೆ ಬಿಲ್ಲೆಯಂತಿರುವ ಅಣುಗಳ ದ್ರವ ಸ್ಫಟಿಕವನ್ನು ಜಗತ್ತಿಗೆ ತೋರಿಸಿದರು. 1991ರಲ್ಲಿ ಜಾಲಹಳ್ಳಿಯಲ್ಲಿ ಅವರು ಆರಂಭಿಸಿದ ಕೇಂದ್ರ ಇಂದು ಬೇರೆ ಹೆಸರಿನಲ್ಲಿ ನಡೆಯುತ್ತಿದೆ.

ಉಜ್ಜಿದ ಮೈಯ ನೆನಪೂ ಶಾಶ್ವತವಲ್ಲ. ಅಂಚಿನ ಅಂಟಿನೊಳಗೆ ತೇವ ಸೇರಿದರೆ, ನೇರಳಾತೀತ ಕಿರಣ ವರ್ಷಗಟ್ಟಲೆ ಬಿದ್ದರೆ, ಪೊರೆಯ ಹಿಡಿತ ಸಡಿಲುತ್ತದೆ. ಎಷ್ಟೋ ಸಲ ಅದಕ್ಕೂ ಮೊದಲು ಹೊರಗಿನ ಧ್ರುವಕ ಹಾಳೆಯೇ ಕೆಡುತ್ತದೆ. ಒಮ್ಮೆ ಬಂದುಹೋಗುವ ಕಾವಿಗಿಂತ ದಿನವೂ ತಾಗುವ ಕಾವು ಕೆಟ್ಟದ್ದು.

ಆ ಹುಡುಗ ಈಗ ಮಾನ್ವಿಯಲ್ಲಿ ಮೇಷ್ಟ್ರು. ಹೋದ ವರ್ಷ ಅವನ ಮನೆಯಲ್ಲಿ ಇದನ್ನೆಲ್ಲ ವಿವರಿಸಿ, "ಅವತ್ತು ತಪ್ಪು ನಂದು" ಎಂದೆ. ಅವನು ನಕ್ಕ. "ದೊಡ್ಡಪ್ಪ, ಕಾರಣ ಆವಾಗ ನನಗೂ ಗೊತ್ತಿರಲಿಲ್ಲ. ನಾನೇ ಕೆಡಿಸೀನಿ ಅಂತ ಭಾಳ ದಿನ ತಿಳಕೊಂಡಿದ್ದೆ" ಎಂದ.