ಜಪಾನಿನ ಸಿಹಿತಿನಿಸು ಮತ್ತು ಕಸೂತಿ: ಒಂದು ವಿನ್ಯಾಸ ಸಂಬಂಧ

ಜಪಾನಿನ ಸಾಂಪ್ರದಾಯಿಕ ಸಿಹಿತಿನಿಸುಗಳಿಗೆ ‘ವಾಗಾಶಿ’ ಎಂದು ಹೆಸರು. ಚಹಾಕೂಟದಲ್ಲಿ ನೀಡಲಾಗುವ ಈ ತಿನಿಸುಗಳು ಆಯಾ ಋತುವಿನ ಹೂವು, ಎಲೆ, ಹಿಮ, ಅಲೆಗಳನ್ನು ಕಾಳಿನ ಹೂರಣದಲ್ಲಿ ರೂಪಿಸುತ್ತವೆ. ಈ ಆಕೃತಿಗಳನ್ನು ದಾರದಲ್ಲಿ ಮೂಡಿಸುವ ಕಸೂತಿಯು ಮೇಲ್ನೋಟಕ್ಕೆ ಹೊಸ ಪ್ರಯೋಗವೆನಿಸಬಹುದು. ಆದರೆ ಸಿಹಿತಿನಿಸೂ ತನ್ನ ಹಲವು ರೂಪಗಳನ್ನು ಬಟ್ಟೆಯಿಂದಲೇ ಪಡೆದಿದೆ ಎಂಬುದು ಗಮನಾರ್ಹ.

17ನೆಯ ಶತಮಾನದ ಕ್ಯೋಟೊ ನಗರ ಈ ಸಂಬಂಧದ ಮುಖ್ಯ ನೆಲೆ. 1660ರ ದಶಕದಿಂದ ಅಲ್ಲಿ ‘ಕೊಸೊದೆ’ ಉಡುಪಿನ ವಿನ್ಯಾಸ ಪುಸ್ತಕಗಳು ಮುದ್ರಣಗೊಂಡವು. 1683ರಲ್ಲಿ ತೊಕುಗಾವಾ ಆಡಳಿತವು ಸ್ತ್ರೀಯರ ಉಡುಪಿನ ಕಸೂತಿಗೆ ನಿರ್ಬಂಧ ವಿಧಿಸಿತು. ಅಕ್ಕಿಯ ಅಂಟಿನಿಂದ ಗೆರೆ ಎಳೆದು ಬಣ್ಣ ತುಂಬುವ ‘ಯೂಜೆನ್’ ವಿಧಾನವು ಈ ಕಾಲದಲ್ಲಿ ಪ್ರಚಾರಕ್ಕೆ ಬಂದಿತು. ತೊರಾಯಾ ಎಂಬ ಮಿಠಾಯಿ ಅಂಗಡಿಯಲ್ಲಿ 1695ರ ಸಚಿತ್ರ ತಿನಿಸು ಪುಸ್ತಕವೊಂದು ಉಳಿದುಬಂದಿದೆ. ಉಡುಪಿನ ಗಿರಾಕಿಯಂತೆ ತಿನಿಸಿನ ಗಿರಾಕಿಯೂ ಚಿತ್ರ ನೋಡಿ ಆರಿಸುವ ಪದ್ಧತಿ ಹೀಗೆ ಬೆಳೆಯಿತು.

ಚಿತ್ರಕಾರ ಒಗಾತಾ ಕೋರಿನ್ (1658-1716) ಈ ಎರಡೂ ಲೋಕಗಳಿಗೆ ಸಾಕ್ಷಿ. ಆತ ಹುಟ್ಟಿದ್ದು ಕರಿಗಾನೆಯಾ ಎಂಬ ಉಡುಪು ವ್ಯಾಪಾರಿ ಮನೆತನದಲ್ಲಿ. 1710ರಲ್ಲಿ ತನ್ನ ಪೋಷಕನಿಗೆ ಉಡುಗೊರೆಯಾಗಿ ಆತ ತೊರಾಯಾದಿಂದ ಸಿಹಿತಿನಿಸು ತರಿಸಿದ ದಾಖಲೆಯಿದೆ. ಆತನ ಶೈಲಿಯ ಹೂವು, ಅಲೆಗಳು ಮುಂದೆ ಬಟ್ಟೆಯ ಮೇಲೂ ತಿನಿಸಿನಲ್ಲೂ ನೆಲೆಯೂರಿದವು.

ಕೆಲವು ತಿನಿಸುಗಳಂತೂ ನೇರವಾಗಿ ವಸ್ತ್ರವನ್ನೇ ಸ್ಮರಿಸುತ್ತವೆ. ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನದ ಹಬ್ಬಕ್ಕೆ ಹಿಂದಿನ ಸಂಜೆ ಸೇವಂತಿಗೆಯ ಮೇಲೆ ರೇಷ್ಮೆಯ ಅರಳೆ ಹೊದಿಸಿ, ಇಬ್ಬನಿಯಿಂದ ತೊಯ್ದ ಅದರಿಂದ ಮೈ ಒರೆಸಿಕೊಂಡರೆ ಆಯುಷ್ಯ ವೃದ್ಧಿಸುವುದೆಂಬ ನಂಬಿಕೆಯಿತ್ತು. ಮುರಾಸಾಕಿ ಶಿಕಿಬು ತನ್ನ ದಿನಚರಿಯಲ್ಲಿ 1008ರ ಹಬ್ಬದ ಸಂದರ್ಭದಲ್ಲಿ ಈ ಆಚರಣೆಯನ್ನು ಉಲ್ಲೇಖಿಸಿದ್ದಾಳೆ. ‘ಕಿಸೆವಾತಾ’ ಎಂಬ ತಿನಿಸು ಇದರದೇ ಪ್ರತಿರೂಪ: ಹೂರಣದ ಸೇವಂತಿಗೆ, ಅದರ ಮೇಲೆ ಅರಳೆಯನ್ನು ಸೂಚಿಸುವ ಬಿಳಿಯ ಎಳೆಗಳು. ಐರಿಸ್ ಹೂವಿನ ಆಕೃತಿಯ ‘ಕರಾಗೊರೊಮೊ’ ತಿನಿಸಿನ ಹೆಸರಿಗೆ ‘ಚೀನೀ ಉಡುಪು’ ಎಂದೇ ಅರ್ಥ.

ತಯಾರಿಕೆಯ ಕ್ರಮದಲ್ಲಿಯೂ ಸಾಮ್ಯವಿದೆ. ‘ಕಿಂತೊನ್’ ತಿನಿಸಿಗಾಗಿ ಹೂರಣವನ್ನು ಜರಡಿಯಲ್ಲಿ ಒತ್ತಿ, ಬಂದ ಎಳೆಗಳನ್ನು ಕಡ್ಡಿಯಿಂದ ಒಂದೊಂದಾಗಿ ಉಂಡೆಗೆ ಅಂಟಿಸಲಾಗುತ್ತದೆ. ದಾರದ ಗಂಟುಗಳನ್ನು ಒತ್ತಾಗಿ ಕೂಡಿಸುವ ‘ಸಾಗಾರಾ’ ಹೊಲಿಗೆಯು ಇಂತಹುದೇ ಉಬ್ಬು ಮೇಲ್ಮೈಯನ್ನು ನೀಡುತ್ತದೆ.

ಕ್ಯೋಟೊದ ಕಸೂತಿಗೆ 1976ರಲ್ಲಿ ಸಾಂಪ್ರದಾಯಿಕ ಕುಶಲಕಲೆಯೆಂಬ ಸರ್ಕಾರಿ ಮಾನ್ಯತೆ ದೊರೆಯಿತು. ತಿಂದ ತಿನಿಸು ಅವಶೇಷವನ್ನು ಉಳಿಸುವುದಿಲ್ಲ. ಅದರ ಇತಿಹಾಸವನ್ನು ಹೆಸರು, ಲೆಕ್ಕ ಮತ್ತು ಚಿತ್ರಗಳಿಂದಲೇ ಕಟ್ಟಬೇಕಾಗುತ್ತದೆ. ಆದುದರಿಂದ ತಿನಿಸಿನ ರೂಪವನ್ನು ಮರಳಿ ಬಟ್ಟೆಗೆ ತರುವ ಕಸೂತಿಯು ಅಲಂಕಾರ ಮಾತ್ರವಲ್ಲ, ಬಾಳಿಕೆಯಿಲ್ಲದ ಕಲೆಯೊಂದರ ದಾಖಲೆಯೂ ಆಗಿದೆ.