ಲ ಶಾಂಬೊನ್ ಊರಿನ ಆತಿಥ್ಯ (1940–44)

ಯುದ್ಧಗಳನ್ನೂ ಒಪ್ಪಂದಗಳನ್ನೂ ಕುರಿತು ಬರೆಯುವವನಿಗೆ ದಾಖಲೆಗಳ ಕೊರತೆಯಿಲ್ಲ. ದಯೆಯ ಚರಿತ್ರೆಯನ್ನು ಬರೆಯಹೊರಟವನ ಪಾಡು ಬೇರೆ. ಬಾಗಿಲಿಗೆ ಬಂದವನನ್ನು ಒಳಕ್ಕೆ ಕರೆದು ಉಣಬಡಿಸಿದ ಗೃಹಿಣಿ ಆ ಸಂಗತಿಯನ್ನು ಎಲ್ಲಿಯೂ ಬರೆದಿಡುವುದಿಲ್ಲ. ಬರೆದಿಟ್ಟರೆ ಪ್ರಾಣಕ್ಕೇ ಅಪಾಯವೆಂಬ ಕಾಲದಲ್ಲಿ ಬರೆದುದನ್ನೂ ಒಲೆಗೆ ಹಾಕುವುದೇ ಲೇಸು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೆಹೂದ್ಯರಿಗೆ ಆಶ್ರಯವಿತ್ತ ಲ ಶಾಂಬೊನ್ ಸೂರ್ ಲಿನ್ಯೋನ್ ಎಂಬ ಫ್ರಾನ್ಸಿನ ಸಣ್ಣ ಊರಿನ ಚರಿತ್ರೆಯನ್ನು ಅಭ್ಯಾಸಮಾಡುವಾಗ ನಮಗೆ ಮೊದಲು ಎದುರಾಗುವ ತೊಡಕು ಇದೇ.

ಈ ಊರು ಫ್ರಾನ್ಸಿನ ದಕ್ಷಿಣಮಧ್ಯ ಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿಗಳು ಮುಚ್ಚಿಹೋಗುವುದುಂಟು. ಕ್ಯಾಥೊಲಿಕರೇ ಬಹುಸಂಖ್ಯಾತರಾಗಿದ್ದ ದೇಶದಲ್ಲಿ ಇಲ್ಲಿನ ಜನ ಬಹುಪಾಲು ಪ್ರಾಟೆಸ್ಟೆಂಟರಾಗಿದ್ದರು. 1598ರ ನಾಂಟ್ ಶಾಸನವನ್ನು 14ನೆಯ ಲೂಯಿ 1685ರಲ್ಲಿ ರದ್ದುಮಾಡಿದ ಮೇಲೆ ಇವರ ಪೂರ್ವಿಕರು ಕಾಡಿನಲ್ಲಿ ಗುಟ್ಟಾಗಿ ಪ್ರಾರ್ಥನೆಗೆ ಸೇರಬೇಕಾಯಿತು. ಪಾದ್ರಿಗಳನ್ನು ಮನೆಯಿಂದ ಮನೆಗೆ ಅಡಗಿಸಬೇಕಾಯಿತು. ಸೆರೆ, ಗಲ್ಲು, ದೇಶಾಂತರ ಇವೆಲ್ಲ ಒಂದು ಶತಮಾನ ಕಾಲ ನಡೆದುವು. ಇದೇ ಸೀಮೆಯ ಮಾರಿ ದ್ಯೂರಾನ್ ಎಂಬಾಕೆ ತನ್ನ ಮತವನ್ನು ಬಿಡೆನೆಂದು 1730ರಿಂದ 1768ರ ವರೆಗೆ, 38 ವರ್ಷಕಾಲ, ಎಗ್‌ಮೋರ್ಟಿನ ಗೋಪುರದಲ್ಲಿ ಬಂದಿಯಾಗಿದ್ದಳು. ಇಂಥ ಕಥೆಗಳನ್ನು ಮಕ್ಕಳು ಮನೆಯಲ್ಲಿಯೇ ಕೇಳಿ ಬೆಳೆಯುತ್ತಿದ್ದರು. ಅಡಗಿಕೊಂಡವನನ್ನು ಸರ್ಕಾರಕ್ಕೆ ಹಿಡಿದುಕೊಡುವುದು ಅವರ ಕಣ್ಣಿಗೆ ಎಂಥ ನಡತೆಯಾಗಿ ತೋರುತ್ತಿದ್ದಿತೆಂಬುದನ್ನು ವಿವರಿಸಬೇಕಾಗಿಲ್ಲ.

ಆದರೆ ಪೂರ್ವಸ್ಮೃತಿಯೊಂದರಿಂದಲೇ ಎಲ್ಲವನ್ನೂ ಅರ್ಥಮಾಡಲು ಹೊರಡುವುದು ನಮಗೆ ಸರಿಯೆಂದು ತೋರುವುದಿಲ್ಲ. ಅದಕ್ಕಿಂತ ಸಾಮಾನ್ಯವಾದ, ಆದಕಾರಣವೇ ಬಹುಮಂದಿ ಗಮನಿಸದ ಮತ್ತೊಂದು ಸಂಗತಿಯಿದೆ. ಸ್ಯಾಂತ್ ಎತಿಯೆನ್ ನಗರದ ಗಣಿಕೆಲಸಗಾರರ ಮತ್ತು ಕಾರ್ಖಾನೆಯ ಕೂಲಿಗಾರರ ಮಕ್ಕಳಿಗೆ ಒಳ್ಳೆಯ ಗಾಳಿ, ಹಾಲು, ರೊಟ್ಟಿ ದೊರೆಯಲೆಂದು ಲೂಯಿ ಕೋಂಟ್ ಎಂಬ ಪಾದ್ರಿ 1893ರಲ್ಲಿ ಒಂದು ಸೇವಾಕಾರ್ಯವನ್ನು ಆರಂಭಿಸಿದನು. ಬೇಸಗೆಯಲ್ಲಿ ಮಕ್ಕಳು ಈ ಬೆಟ್ಟದ ರೈತರ ಮನೆಗಳಿಗೆ ಬಂದು ತಂಗುತ್ತಿದ್ದರು. ರೈತನಿಗೂ ಅದರಿಂದ ನಾಲ್ಕು ಕಾಸು ಸಿಕ್ಕುತ್ತಿದ್ದಿತು. ಇದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಕ್ರಮೇಣ ವಸತಿಗೃಹಗಳೂ ಮಕ್ಕಳ ಮನೆಗಳೂ ಎದ್ದುವು. ಹೀಗೆ ಪರವೂರಿನ ಮಗುವಿಗೆ ಹಾಸಿಗೆ ಹಾಸಿಕೊಡುವುದು, ಅದರ ಮೈಲಂಗಿ ಒಗೆಯುವುದು, ತನ್ನ ಮಕ್ಕಳ ಸಾಲಿನಲ್ಲಿಯೇ ಅದನ್ನು ಕೂರಿಸಿ ಬಡಿಸುವುದು ಇಲ್ಲಿಯ ಹೆಂಗಸರಿಗೆ ಐವತ್ತು ವರ್ಷದ ರೂಢಿಯಾಗಿದ್ದಿತು. 1940ರ ತರುವಾಯ ಬಂದ ಮಕ್ಕಳ ಹೆಸರು ಬೇರೆ, ಮಾತು ಬೇರೆ. ಮಾಡಬೇಕಾದ ಕೆಲಸ ಮಾತ್ರ ಅದೇ.

1934ರಲ್ಲಿ ಈ ಊರಿಗೆ ಪಾದ್ರಿಯಾಗಿ ಬಂದ ಆಂದ್ರೆ ತ್ರೋಕ್ಮೆ ಅಹಿಂಸಾವಾದಿ. ಆತನೂ ಸಹೋದ್ಯೋಗಿ ಎದ್ವಾರ್ ತೇಯ್ಸ್ ಮಹಾಶಯನೂ 1938ರಲ್ಲಿ ಇಲ್ಲಿ ಒಂದು ಪ್ರೌಢಶಾಲೆಯನ್ನು ಸ್ಥಾಪಿಸಿದರು. ಫ್ರಾನ್ಸ್ ಜರ್ಮನಿಗೆ ಶರಣಾದ ಮರುದಿನ, ಎಂದರೆ 1940ರ ಜೂನ್ 23ರಂದು, ಅವರಿಬ್ಬರೂ ದೇವಾಲಯದಲ್ಲಿ ನಿಂತು, ಅಂತರಾತ್ಮಕ್ಕೆ ವಿರುದ್ಧವಾದ ಆಜ್ಞೆಯನ್ನು ಆತ್ಮಬಲದಿಂದಲೇ ಎದುರಿಸುವುದು ಕ್ರೈಸ್ತನ ಕರ್ತವ್ಯವೆಂದು ಸಾರಿದರು. ಮುಂದೆ ಕ್ವೇಕರರು ಮೊದಲಾದವರ ನೆರವಿನಿಂದ, ವಿಷಿ ಸರ್ಕಾರದ ಬಂದೀಶಿಬಿರಗಳಿಂದ ಬಿಡಿಸಿ ತಂದ ಮಕ್ಕಳಿಗಾಗಿ ಮನೆಗಳು ತೆರೆದುವು. ಸುಳ್ಳು ಗುರುತಿನ ಚೀಟಿಗಳೂ ಪಡಿತರ ಚೀಟಿಗಳೂ ಸಿದ್ಧವಾದುವು. ಸತ್ಯವನ್ನು ಬೋಧಿಸುವ ಜನರಿಗೆ ಈ ಸುಳ್ಳು ಸುಲಭವಾದ ವಿಷಯವಾಗಿರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

1942ರ ಜುಲೈ ತಿಂಗಳಿನಲ್ಲಿ ಪ್ಯಾರಿಸಿನಲ್ಲಿ ಸಾವಿರಾರು ಯೆಹೂದ್ಯರ ಬಂಧನವಾಯಿತು. ಆಗಸ್ಟ್ 10ರಂದು ಯುವಜನ ಶಾಖೆಯ ಮುಖ್ಯಸ್ಥ ಲಾಮಿರಾನ್ ಈ ಊರಿಗೆ ಬಂದಾಗ, ಶಾಲೆಯ ಹಿರಿಯ ವಿದ್ಯಾರ್ಥಿಗಳು ಆ ಬಂಧನವನ್ನು ಖಂಡಿಸಿ, ತಮ್ಮ ನಡುವೆಯೂ ಯೆಹೂದ್ಯರಿದ್ದಾರೆಂದು ಪತ್ರದಲ್ಲಿ ಬರೆದುಕೊಟ್ಟರು. ಅದೇ ತಿಂಗಳು ಪೊಲೀಸರು ಬಸ್ಸುಗಳನ್ನು ತಂದು ದಿನಗಟ್ಟಲೆ ಶೋಧಿಸಿದರೂ ಬಸ್ಸುಗಳು ತುಂಬಲಿಲ್ಲ. ಆಶ್ರಿತರು ಅಷ್ಟರಲ್ಲಿ ಕಾಡಿಗೂ ದೂರದ ತೋಟದ ಮನೆಗಳಿಗೂ ಚದರಿದ್ದರು. ಶೋಧನೆಯ ಸುಳಿವು ಕೆಲವೊಮ್ಮೆ ದೂರವಾಣಿಯಲ್ಲಿ, ಹೆಸರು ಹೇಳದ ಕಂಠದಿಂದ, ಪಾದ್ರಿಯ ಮನೆಗೆ ಮೊದಲೇ ಬರುತ್ತಿದ್ದಿತು. ಕಂಡೂ ಕಾಣದಂತಿದ್ದ ಅಧಿಕಾರಿಗಳ ಋಣವೂ ಈ ಚರಿತ್ರೆಯ ಮೇಲಿದೆ.

1943ರ ಫೆಬ್ರವರಿಯಲ್ಲಿ ತ್ರೋಕ್ಮೆಯನ್ನು ಬಂಧಿಸಲು ಪೊಲೀಸರು ಬಂದ ರಾತ್ರಿ ಆತನ ಪತ್ನಿ ಮಾಗ್ದಾ ಅವರನ್ನೇ ಊಟಕ್ಕೆ ಕೂರಿಸಿದಳು. ಗಂಡನನ್ನು ಒಯ್ಯಲು ಬಂದವರಿಗೆ ಹೇಗೆ ಬಡಿಸಿದೆ ಎಂದು ಬಲ್ಲವರು ಕೇಳಿದುದಕ್ಕೆ, ಅದು ಊಟದ ಹೊತ್ತಾಗಿದ್ದಿತೆಂಬುದಕ್ಕಿಂತ ಹೆಚ್ಚಿನ ಕಾರಣವನ್ನು ಆಕೆ ಕೊಡಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಹತ್ತು ಉಪದೇಶಗಳಿಗಿಂತ ಈ ಉತ್ತರವೇ ಊರಿನ ಮನಸ್ಸನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ. ಸುಮಾರು ಒಂದು ತಿಂಗಳ ಸೆರೆಯ ಬಳಿಕ, ಸರ್ಕಾರಕ್ಕೆ ವಿಧೇಯರಾಗಿರುವೆವೆಂದು ಬರೆದುಕೊಡಲು ಒಪ್ಪದೆಯೇ ಇಬ್ಬರು ಪಾದ್ರಿಗಳೂ ಹಿಂದಿರುಗಿದರು.

ಎಲ್ಲರಿಗೂ ಅಂಥ ಭಾಗ್ಯವಿರಲಿಲ್ಲ. 1943ರ ಜೂನ್ 29ರಂದು ಗೆಸ್ಟಾಪೊ ಪಡೆ ‘ಮೆಜೋಂ ದೆ ರೋಷ್’ ಎಂಬ ವಿದ್ಯಾರ್ಥಿನಿಲಯಕ್ಕೆ ನುಗ್ಗಿ 18 ವಿದ್ಯಾರ್ಥಿಗಳನ್ನು ಹಿಡಿಯಿತು. ಅವರ ಮೇಲ್ವಿಚಾರಕ, ಪಾದ್ರಿಯ ಬಂಧು ದಾನಿಯೇಲ್ ತ್ರೋಕ್ಮೆ, ತನ್ನ ಹುಡುಗರನ್ನು ಬಿಟ್ಟು ಓಡಿಹೋಗಲಿಲ್ಲ. 1944ರ ಏಪ್ರಿಲ್‌ನಲ್ಲಿ ಪೋಲೆಂಡಿನ ಮೈದಾನೆಕ್ ಶಿಬಿರದಲ್ಲಿ ತೀರಿಕೊಂಡನು. ಊರಿನ ವೈದ್ಯ ಲ ಫೊರೆಸ್ತಿಯೆಯನ್ನು ಅದೇ ವರ್ಷದ ಆಗಸ್ಟ್ 20ರಂದು ಲಿಯಾನ್ ಬಳಿ ಕೊಂದರು.

ಇಲ್ಲಿ ರಕ್ಷಣೆ ಪಡೆದವರು 5000 ಮಂದಿ ಎಂದು ಬಹುಕಾಲ ಹೇಳುತ್ತಿದ್ದರು. ಈಚಿನ ಕೆಲವು ಸಂಶೋಧಕರು ಅಷ್ಟನ್ನು ಒಪ್ಪುವುದಿಲ್ಲ. ಫಿಲಿಪ್ ಹ್ಯಾಲಿಯ 1979ರ ಗ್ರಂಥ ತ್ರೋಕ್ಮೆಯನ್ನು ಲೋಕಪ್ರಸಿದ್ಧನನ್ನಾಗಿ ಮಾಡಿತು. ಆದರೆ ನೆರೆಯ ಗ್ರಾಮಗಳ ಪಾದ್ರಿಗಳೂ, ಕ್ಯಾಥೊಲಿಕರೂ, ಹಳೆಯ ಒಡಂಬಡಿಕೆಯನ್ನು ಪಾರಾಯಣಮಾಡುತ್ತಿದ್ದ ಡಾರ್ಬಿ ಪಂಥದ ರೈತರೂ ಹಿಂದಕ್ಕೆ ಸರಿದರೆಂಬ ಆಕ್ಷೇಪಣೆ ಊರಿನವರಿಂದಲೇ ಬಂದಿತು. ಆಕ್ಷೇಪಣೆ ನ್ಯಾಯವಾದುದು. ಪಾದ್ರಿ ಬರೆಯಬಲ್ಲವನು, ಬರೆದಿಟ್ಟನು; ಕೊಟ್ಟಿಗೆಯ ಅಟ್ಟದಲ್ಲಿ ಒಂದು ಕುಟುಂಬವನ್ನು ಅಡಗಿಸಿಟ್ಟ ರೈತ ಬರೆಯಲಿಲ್ಲ. 1990ರಲ್ಲಿ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಲ ಶಾಂಬೊನಿನ ಮತ್ತು ನೆರೆಯ ಗ್ರಾಮಗಳ ಸಮಸ್ತ ನಿವಾಸಿಗಳಿಗೂ ಒಟ್ಟಾಗಿ ಮನ್ನಣೆಯಿತ್ತಿತು. ಆ ನಿವಾಸಿಗಳನೇಕರ ಹೆಸರು ಇಂದಿಗೂ ಯಾವ ಪಟ್ಟಿಯಲ್ಲಿಯೂ ಇಲ್ಲ.